ಮಾವನ ಇಂಜಿನ್ನು ಹೊಗೆ ಬಿಟ್ಟ ಐತವಾರ

ವಿಜ್ಞಾನ ಕಲಿಸುವ ಮಾಸ್ತರನ ಮನೆಯಲ್ಲಿ ಯಾವ ವಸ್ತುವೂ ಕೆಡಬಾರದು. ಕೆಟ್ಟರೆ ಅದು ವಸ್ತುವಿನ ತಪ್ಪಾಗಿ ಉಳಿಯುವುದಿಲ್ಲ, ಮಾಸ್ತರನ ತಪ್ಪಾಗಿಬಿಡುತ್ತದೆ. ಗಣಿತದ ಮಾಸ್ತರರ ಮನೆಯ ಫ್ಯಾನು ನಿಂತರೆ ಅವರು ಮಿಸ್ತ್ರಿಯನ್ನು ಕರೆಸುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ನನ್ನ ಮನೆಯ ಫ್ಯಾನು ನಿಂತರೆ ಮಾತ್ರ ಕಲಬುರಗಿಯ ಅರ್ಧ ಜೇವರ್ಗಿ ಕಾಲೋನಿ ಕಿಟಕಿಯಲ್ಲಿ ಇಣುಕಿ, 'ನೋಡೂಣು, ಸೈನ್ಸ್ ಮಾಸ್ತರು ಏನ್ ಮಾಡ್ತಾರ' ಎಂದು ಕಾಯುತ್ತದೆ. ಒಳಗಿನ ಸಂಗತಿ ಏನೆಂದರೆ, ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಮಾಡಿದ ನಾನು ನನ್ನ ಮನೆಯಲ್ಲಿ ಒಂದು ಫ್ಯೂಸು ಹಾಕಿದವನಲ್ಲ. ಫ್ಯೂಸು ಹಾಕುವವಳು ನನ್ನ ಹೆಂಡತಿ ಮಹಾನಂದಾ. ನಾನು ಕೆಳಗೆ ನಿಂತು ಸ್ಟೂಲು ಅಲುಗಾಡದಂತೆ ಹಿಡಿದುಕೊಂಡು, ಫ್ಯೂಸು ಯಾಕೆ ಸುಟ್ಟಿತು ಎಂಬುದರ ತತ್ವವನ್ನು ವಿವರಿಸುತ್ತೇನೆ. ಆಕೆ ಮೇಲಿನಿಂದ, 'ತತ್ವ ಸಾಕು, ಟಾರ್ಚ್ ಸರಿಯಾಗಿ ಹಿಡೀರಿ' ಅನ್ನುತ್ತಾಳೆ.

ಇಷ್ಟು ಒಪ್ಪಿಕೊಂಡ ಮೇಲೆ ನಾನೀಗ ಬಡಾಯಿ ಕೊಚ್ಚಿಕೊಳ್ಳಲು ಹೊರಟಿದ್ದೇನೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆದರೆ ಸತ್ಯ. ಬದುಕಿನಲ್ಲಿ ಒಂದೇ ಒಂದು ಸಲ, ಸುಮಾರು ತೊಂಬತ್ತರ ದಶಕದ ನಡುವಿನಲ್ಲಿ, ಶಿವರಾತ್ರಿಯಾದ ಮರುವಾರ, ನಾನು ಕೈಯಾರೆ ಒಂದು ಯಂತ್ರವನ್ನು ರಿಪೇರಿ ಮಾಡಿ ತಲೆ ಎತ್ತಿ ನಿಂತಿದ್ದೇನೆ. ಯಂತ್ರವೆಂದರೆ ಗೇಣುದ್ದದ ಆಟಿಕೆ ರೈಲಿನ ಇಂಜಿನ್ನು. ನಗಬೇಡಿ. ಆ ಗೇಣುದ್ದದ ಇಂಜಿನ್ನಿನ ಚಿಮಣಿಯೊಳಗೆ ನಮ್ಮ ಮಾವನವರ ಇಡೀ ಮರ್ಯಾದೆ ಸಿಕ್ಕಿಹಾಕಿಕೊಂಡಿತ್ತು. ಅದರ ಪಕ್ಕದಲ್ಲಿ ನನ್ನದೂ ಒಂದಿಷ್ಟು ಇತ್ತು, ಆದರೆ ಅದು ಸಣ್ಣದು, ಸುಲಭವಾಗಿ ಹೊರಗೆ ಬರುವಂಥದು.

ಮಾವ ಸಿದ್ರಾಮಪ್ಪನವರು ಉಗಿಬಂಡಿಯ ಡ್ರೈವರ್ ಆಗಿದ್ದವರು. ವಾಡಿ ಜಂಕ್ಷನ್ನಿನಲ್ಲಿ ಬಹಳ ವರ್ಷ ಇದ್ದು, ನಿವೃತ್ತರಾಗಿ, ತಮ್ಮೂರು ಕಮಲಾಪುರಕ್ಕೆ ಬಂದು ಬಾಳೆಯ ತೋಟ ನೋಡಿಕೊಂಡಿದ್ದರು. ಡೀಸೆಲ್ ಇಂಜಿನ್ನನ್ನು ಅವರು ಇಂಜಿನ್ನೆಂದು ಒಪ್ಪುತ್ತಿರಲಿಲ್ಲ. 'ಅದು ಹಳಿ ಮ್ಯಾಲೆ ಓಡೋ ಬಸ್ಸು. ಗುಂಡಿ ಒತ್ತಿದ್ರ ಹೋಗ್ತದ, ಬಿಟ್ರ ನಿಲ್ತದ. ಅದರಾಗ ಡ್ರೈವರಂದೇನದ?' ಅನ್ನುತ್ತಿದ್ದರು. ನಮ್ಮ ಕಡೆ ಉಗಿಬಂಡಿಗಳು ಒಂದೊಂದಾಗಿ ನಿಂತುಹೋದ ಮೇಲೆ ಅವರು ಕಲಬುರಗಿಗೆ ಬಂದರೂ ಸ್ಟೇಷನ್ನಿನ ಕಡೆ ಕಾಲಿಡಲಿಲ್ಲ. ಬಸ್ಸಿನಲ್ಲೇ ಬರುತ್ತಿದ್ದರು, ಬಸ್ಸಿನಲ್ಲೇ ಹೋಗುತ್ತಿದ್ದರು, ಎರಡೂ ಹೊತ್ತು ಬಸ್ಸಿಗೆ ಬಯ್ಯುತ್ತಿದ್ದರು.

ಅಂಥ ಮನೆಗೆ ಇಂಜಿನ್ನು ಬಂದದ್ದು ಮಸ್ಕತ್ತಿನಿಂದ. ಅಲ್ಲಿ ಇಲೆಕ್ಟ್ರಿಷಿಯನ್ ಆಗಿದ್ದ ನನ್ನ ಹೆಂಡತಿಯ ತಮ್ಮ ಬಸವರಾಜನಿಗೆ, ಊರು ಬಿಟ್ಟು ಹೊರಟಿದ್ದ ಒಬ್ಬ ಜರ್ಮನ್ ಸಾಹೇಬರು ಕೊಟ್ಟು ಹೋಗಿದ್ದರಂತೆ. ಕಪ್ಪು ಮೈ, ಕೆಂಪು ಗಾಲಿ, ಸುತ್ತಲೂ ಜೋಡಿಸುವ ಹಳಿ, ಕರೆಂಟು ಹೆಚ್ಚು ಕಡಿಮೆ ಮಾಡಲು ತಿರುಗುವ ಗುಂಡಿಯಿದ್ದ ಒಂದು ಪೆಟ್ಟಿಗೆ. ಅದೆಲ್ಲ ಸರಿ, ಆದರೆ ಅದರ ಅಸಲು ಗುಣ ಬೇರೆಯೇ ಇತ್ತು. ಚಿಮಣಿಯೊಳಗೆ ಐದಾರು ಹನಿ ಎಣ್ಣೆ ಹಾಕಿ ಕರೆಂಟು ಕೊಟ್ಟರೆ, ಒಳಗಿನ ಬತ್ತಿ ಅದನ್ನು ಹೀರಿ, ಬತ್ತಿಗೆ ಸುತ್ತಿದ ಸಣ್ಣ ತಂತಿಸುರುಳಿ ಕಾದು, ಎಣ್ಣೆ ಹೊಗೆಯಾಗಿ, ನಿಜವಾದ ಉಗಿಬಂಡಿಯ ಹಾಗೆ ಬುಸುಬುಸು ಹೊಗೆ ಬರುತ್ತಿತ್ತು. ಮೊದಲ ದಿನ ಅದನ್ನು ನೋಡಿ ಮಾವ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಅತ್ತರೆಂದು ನಾನು ಹೇಳುವುದಿಲ್ಲ. ಕಣ್ಣಿಗೆ ಕಿಡಿ ಸಿಡಿಯಿತು ಎಂದು ಅವರೇ ಹೇಳಿದರು. ಐದು ಹನಿ ಎಣ್ಣೆಯ ಇಂಜಿನ್ನಿನಿಂದ ಕಿಡಿ ಎಲ್ಲಿಂದ ಸಿಡಿಯಬೇಕು ಎಂದು ವಿಜ್ಞಾನದ ಮಾಸ್ತರನಾಗಿ ಕೇಳಬೇಕೆಂದಿದ್ದೆ. ಮಹಾನಂದಾ ನನ್ನ ಕಾಲು ತುಳಿದಳು.

ಅಂದಿನಿಂದ ಇಂಜಿನ್ನು ಗಾಜಿನ ಕಪಾಟಿನಲ್ಲಿ, ಕಪಾಟಿನ ಕೀಲಿಕೈ ಮಾವನವರ ಉಡದಾರದಲ್ಲಿ. ಎಣ್ಣೆಯ ಬಾಟಲಿ ಹೆಬ್ಬೆರಳಷ್ಟು ದೊಡ್ಡದು. ಆದ್ದರಿಂದ ಬೇಕಾದ ಅತಿಥಿಗಳು ಬಂದಾಗ ಮಾತ್ರ ಹೊಗೆ, ಸಾಧಾರಣ ನೆಂಟರಿಗೆ ಬರೀ ಓಟ. ನಾನು ಸಾಧಾರಣ ನೆಂಟರ ಪಟ್ಟಿಯಲ್ಲಿದ್ದೆ. ದಸರೆಯಲ್ಲಿ ಬಸವರಾಜ ರಜೆಗೆ ಬಂದಿದ್ದಾಗ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮಾವನ ಹಳೆಯ ಬೋಲ್ಟು ತಿರುಗಿಸುವ ಪಾನಾ, ಕೈದೀಪ, ತೋಟದ ಕುಡಗೋಲುಗಳ ನಡುವೆ ಇಂಜಿನ್ನನ್ನೂ ಇಟ್ಟು ಹೂ ಏರಿಸಿದ್ದರು. ಬಸವರಾಜ ತೆಗೆದ ಅಂದಿನ ಫೋಟೋ ಕಟ್ಟು ಹಾಕಿಸಿಕೊಂಡು ಕಮಲಾಪುರದ ಮನೆಯ ಪಡಸಾಲೆಯಲ್ಲಿ ತೂಗುತ್ತದೆ. ನಾನು ತುಂಬ ಚೆನ್ನಾಗಿ ಬಂದಿರುವ ಕೆಲವೇ ಫೋಟೋಗಳಲ್ಲಿ ಅದೊಂದು. ಕೂದಲು ಇನ್ನೂ ಇತ್ತು.

ಕಮಲಾಪುರ ಎಂದ ಮೇಲೆ ಕೆಂಪು ಬಾಳೆಯ ವಿಷಯ ಹೇಳದೆ ಮುಂದೆ ಹೋದರೆ ನಾಲಿಗೆ ಸುಮ್ಮನಿರುವುದಿಲ್ಲ. ದಪ್ಪ ಸಿಪ್ಪೆ, ಒಳಗೆ ಬೆಣ್ಣೆಯಂಥ ತಿರುಳು, ಒಂದು ತಿಂದರೆ ಊಟ ಬೇಡ. ನಾನು ನಾಲ್ಕು ತಿಂದು ಊಟಕ್ಕೂ ಕೂರುತ್ತಿದ್ದೆ. ಹೆಣ್ಣು ನೋಡಲು ಹೋದಾಗ ಮುಂದಿಟ್ಟ ತಟ್ಟೆಯಲ್ಲಿ ಈ ಹಣ್ಣಿತ್ತು. ನಾನು ಹೆಣ್ಣಿನ ಮುಖ ಸರಿಯಾಗಿ ನೋಡಲೇ ಇಲ್ಲ ಎಂಬ ದೂರು ನಮ್ಮ ಸಂಸಾರದಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಈಗ ಕತೆಗೆ ಬರೋಣ. ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಿಗದಿಯಾಯಿತು. ಪ್ರತಿ ವರ್ಷ ನಾನು ನಿಂಬೆಹಣ್ಣಿನಿಂದ ಬಲ್ಬು ಹೊತ್ತಿಸುತ್ತಿದ್ದೆ, ಪ್ರತಿ ವರ್ಷ ಅದು ಹೊತ್ತುತ್ತಿರಲಿಲ್ಲ. ಈ ಸಲ ಏನಾದರೂ ಜಬರ್ದಸ್ತು ಮಾಡಬೇಕೆಂದು ಕಮಲಾಪುರಕ್ಕೆ ಹೋಗಿ ಇಂಜಿನ್ನು ಕೇಳಿದೆ. ಮಾವ ಉಡದಾರದ ಕೀಲಿಕೈಯನ್ನು ಎರಡು ಸಲ ತಿರುವಿ ನೋಡಿದರು. ಆಮೇಲೆ ಎದ್ದು ಕಪಾಟು ತೆರೆದು, ಇಂಜಿನ್ನನ್ನು ತಮ್ಮ ಹಳೆಯ ರೈಲ್ವೆ ಕೋಟಿನಲ್ಲಿ ಸುತ್ತಿ, ಹಳಿ, ಗುಂಡಿಯ ಪೆಟ್ಟಿಗೆ, ಎಣ್ಣೆ ಬಾಟಲಿಯ ಸಮೇತ ನನ್ನ ಕೈಗಿತ್ತರು. ದಸರೆಯಾದ ಮೇಲೆ ಅದನ್ನು ಹೊರಗೇ ತೆಗೆದಿಲ್ಲವೆಂದೂ, ಬಾಳೆಗೊನೆಯ ಗದ್ದಲದಲ್ಲಿ ಪುರಸೊತ್ತೇ ಆಗಲಿಲ್ಲವೆಂದೂ ಹೇಳಿದರು. ಕೊನೆಗೆ, 'ಮಾಸ್ತರ, ಜೋಪಾನ್ರಿ. ಮಗಳನ್ನ ಕೊಡಮುಂದ ಸುದ್ದಾ ನಿಮಗ ನಾ ಇಷ್ಟು ಹೇಳಿದ್ದಿಲ್ಲ' ಅಂದರು. ನನ್ನ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಆ ಮಗಳು ಇಬ್ಬರನ್ನೂ ನೋಡಿದ ನೋಟವನ್ನು ನಾನು ಬರೆಯಲಾರೆ.

ಸೋಮವಾರ ಪ್ರದರ್ಶನ. ಮುಖ್ಯ ಅತಿಥಿಗಳು, ಹೆಡ್‌ಮಾಸ್ತರರು, ಐವತ್ತು ಅರವತ್ತು ಜನ ಸುತ್ತ ನಿಂತಿದ್ದಾರೆ. ನಾನು ಉಗಿಯ ಮಹಿಮೆಯ ಮೇಲೆ ಸಣ್ಣ ಭಾಷಣ ಮಾಡಿ, ಎಣ್ಣೆ ಹನಿಸಿ, ಗುಂಡಿ ತಿರುಗಿಸಿದೆ. ಇಂಜಿನ್ನು ಓಡಿತು. ಹೊಗೆ ಬರಲಿಲ್ಲ. ಇನ್ನಷ್ಟು ಎಣ್ಣೆ, ಇನ್ನಷ್ಟು ತಿರುವು. ಬಾಟಲಿ ಮುಗಿಯಿತು, ಗುಂಡಿಯೂ ಕೊನೆಯ ತುದಿ ಮುಟ್ಟಿತು. ಆಗ ಹೊಗೆ ಬಂತು ನೋಡಿ, ಚಿಮಣಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಯಿಂದ! ಹೊಟ್ಟೆಯಿಂದ, ಗಾಲಿಯ ಸಂದಿಯಿಂದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎದ್ದು, ಚಿಮಣಿ ಮೆಲ್ಲಗೆ ಮೆತ್ತಗಾಗಿ, ಮುಖ್ಯ ಅತಿಥಿಗಳ ಕಡೆ ವಿನಯದಿಂದ ಬಾಗಿತು. ಹೆಡ್‌ಮಾಸ್ತರರು ಉಸುಕಿನ ಬಕೀಟಿಗೆ ಓಡಿದರು. ಮಾವನ ಇಂಜಿನ್ನಿನ ಮೇಲೆ ಉಸುಕು ಬೀಳುವುದರೊಳಗೆ ನಾನು ವೈರು ಕಿತ್ತು, ಅದನ್ನು ಕೋಟಿನಲ್ಲಿ ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಮಾಯವಾದೆ.

ಮಹಾನಂದಾ ಬಾಗಿದ ಚಿಮಣಿಯನ್ನು ಒಮ್ಮೆ ನೋಡಿದಳು. ಬಚ್ಚಲಿನ ಬಿಸಿನೀರು ತಂದು, ಚಿಮಣಿಯನ್ನಷ್ಟೇ ಅದರಲ್ಲಿ ಅದ್ದಿ, ಮೆತ್ತಗಾದ ಕೂಡಲೆ ಬೆರಳಿನಿಂದ ಒತ್ತಿ ನೆಟ್ಟಗೆ ಮಾಡಿ, ತಣ್ಣೀರಿನಲ್ಲಿ ಅದ್ದಿದಳು. ಎರಡು ನಿಮಿಷದ ಕೆಲಸ. 'ಮುರಿದ ಕೈ ಕೂಡಿಸೀನಿ. ಒಳಗಿನ ರೋಗ ನಿಮ್ಮದು' ಅಂದಳು.

ಮರುದಿನ ಬೆಳಗ್ಗೆಯೇ ಮಾವನ ಫೋನು. ದನಿಯಲ್ಲಿ ಎಂದಿಲ್ಲದ ಹುರುಪು. 'ಮಾಸ್ತರ, ಐತವಾರ ಯಲ್ಲಪ್ಪ ಬರಾಕತ್ತಾನ್ರಿ ವಾಡಿಯಿಂದ. ಇಂಜಿನ್ ತಗೊಂಡು ಇಬ್ಬರೂ ಬಂದುಬಿಡ್ರಿ.' ಯಲ್ಲಪ್ಪ ಯಾರೆಂದು ನನಗೆ ಗೊತ್ತಿತ್ತು. ಮಾವನ ಇಂಜಿನ್ನಿನಲ್ಲಿ ಹನ್ನೊಂದು ವರ್ಷ ಕಲ್ಲಿದ್ದಲು ಹಾಕಿದ ಫೈರ್‌ಮನ್. ಇಬ್ಬರೂ ಭೇಟಿಯಾಗಿ ಬಹಳ ಕಾಲವಾಗಿತ್ತು. ಮಾವ ಹೊಗೆಯ ಇಂಜಿನ್ನಿನ ಸುದ್ದಿ ಬರೆದರೆ, ಆತ ಕಾಗದದಲ್ಲೇ ನಕ್ಕಿದ್ದನಂತೆ. 'ಆಟಗಿ ಸಾಮಾನಿನಾಗ ಹೊಗಿ ಬರ್ತದೇನ್ರಿ ಸಾಹೇಬ್ರ ಅಂತ ಬರದಾನ. ಬಂದು ನೋಡು ಅಂತ ನಾನೂ ಬರದೀನಿ. ಈಗ ಬರಾಕತ್ತಾನ' ಎಂದು ಮಾವ ನಕ್ಕರು. ಅವರು ಹಾಗೆ ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. ಇಂಜಿನ್ನು ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದೆ. 'ಆಗಲಿ ಮಾವಾರ' ಎಂಬ ಮಾತು ಬಂತು.

ಐದು ದಿನ ಉಳಿದವು. ನಾನು ವೈಜ್ಞಾನಿಕ ವಿಧಾನದಿಂದ ಹೊರಟೆ, ಅಂದರೆ ಮೊದಲು ಬೇರೆಯವರ ತಪ್ಪು ಹುಡುಕಿದೆ. ಮೊದಲ ಗುಮಾನಿ ಕರೆಂಟಿನ ಮೇಲೆ. ನಮ್ಮ ಕಾಲೋನಿಯ ಕರೆಂಟು ಬೆಳಗ್ಗೆ ಬಡವನಂತಿದ್ದು ಸಂಜೆ ಸಾಹುಕಾರನಾಗುತ್ತದೆ, ಅದೇ ಏರಿ ಸುಡುತ್ತಿರಬೇಕು ಎಂದು ಶಾಲೆಯ ವೋಲ್ಟ್‌ಮೀಟರು ತಂದು ಹಳಿಗೆ ಹಚ್ಚಿದೆ. ಮುಳ್ಳು ಎಲ್ಲಿರಬೇಕೋ ಅಲ್ಲೇ ನಿಂತಿತ್ತು. ಎರಡನೆಯ ಗುಮಾನಿ ಹವೆಯ ಮೇಲೆ. ಇದು ಥಂಡಿ ದೇಶದ ಇಂಜಿನ್ನು. ಶಿವರಾತ್ರಿ ಮುಗಿದರೆ ನಮ್ಮಲ್ಲಿ ಮನುಷ್ಯರೇ ಮೆತ್ತಗಾಗುತ್ತಾರೆ, ಇನ್ನು ಪ್ಲಾಸ್ಟಿಕ್ಕು ಯಾವ ಲೆಕ್ಕ? ಇಂಜಿನ್ನನ್ನು ಒಂದು ತಾಸು ಫ್ರಿಜ್ಜಿನಲ್ಲಿ ಇಟ್ಟು ತೆಗೆದು ಓಡಿಸಿದೆ. ಮೊದಲು ತಣ್ಣಗೆ ಓಡಿತು, ಆಮೇಲೆ ಬಿಸಿಯಾಗಿ ಓಡಿತು, ಹೊಗೆ ಬರಲಿಲ್ಲ. ಆ ರಾತ್ರಿಯ ಮೆಂತ್ಯೆಪಲ್ಯದಲ್ಲಿ ಗ್ರೀಸಿನ ವಾಸನೆ ಇತ್ತು. ಮಹಾನಂದಾ ನನ್ನ ತಟ್ಟೆಗೆ ಎರಡು ಸಲ ಬಡಿಸಿದಳು.

ಮೂರನೆಯ ಗುಮಾನಿ ಎಣ್ಣೆಯ ಮೇಲೆ. ಜರ್ಮನ್ ಎಣ್ಣೆಯಂತೂ ಮುಗಿದಿತ್ತು. ಬುಧವಾರ ಅಡುಗೆಮನೆಯ ಕುಸುಬಿ ಎಣ್ಣೆ ಹಾಕಿ ನೋಡಿದೆ. ಚಿಮಣಿ ತುಂಬಿ ಹೊರಚೆಲ್ಲಿದ ಎಣ್ಣೆ ಕಾದ ಮೈಗೆ ತಗುಲಿ, ಅಂಟು ಅಂಟಾಗಿ ಒಂದಿಷ್ಟು ಕಮಟು ಹೊಗೆ ಮೇಲೆದ್ದು, ಅರ್ಧ ಓಣಿಗೆ ಭಜಿ ಕರಿದ ವಾಸನೆ ಹರಡಿತು. ಎದುರುಮನೆಯವರು ಚಹಾದ ಹೊತ್ತಿಗೆ ಸರಿಯಾಗಿ ಬಂದು ಕೂತರು, ಭಜಿ ಇಲ್ಲವೆಂದು ತಿಳಿದು ಬೇಸರದಿಂದ ಎದ್ದುಹೋದರು. ಗುರುವಾರ ಪುಸ್ತಕ ತಿರುವಿ ಹಾಕಿ ಕಂಡುಹಿಡಿದೆ, ವಾಸನೆಯಿಲ್ಲದೆ, ಅಂಟಿಲ್ಲದೆ, ಬಿಳಿ ಹೊಗೆಯಾಗುವ ತೆಳುವಾದ ಖನಿಜದ ಎಣ್ಣೆಯೆಂದರೆ ಲಿಕ್ವಿಡ್ ಪ್ಯಾರಾಫಿನ್. ಅದು ಔಷಧದ ಅಂಗಡಿಯಲ್ಲೇ ಸಿಗುತ್ತದೆ. ಯಾವುದಕ್ಕೆ ಸಿಗುತ್ತದೆ ಎಂಬುದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

ಅಂಗಡಿಯವರು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಹೇಳಿದ ಕೂಡಲೆ ಮುಖ ಗಂಭೀರ ಮಾಡಿ, 'ಎಷ್ಟು ದಿನಾ ಆತ್ರಿ ಸರ್?' ಎಂದು ಕೇಳಿದರು.

'ಸೋಮವಾರದಿಂದ.'

'ನಾಕು ದಿನಾ! ಮತ್ತ ಇಷ್ಟು ತಡಾ ಯಾಕ ಮಾಡಿದ್ರಿ? ರಾತ್ರಿ ಮಲಗೋ ಮುಂದ ಎರಡು ಚಮಚ ತಗೋರಿ, ಮುಂಜಾನೆ ಖುಲಾಸ ಆಗ್ತದ.'

ಆಗ ನನಗೆ ಹೊಳೆಯಿತು, ಇದು ಮಲಬದ್ಧತೆಯ ಔಷಧ. ಅಂಗಡಿಯಲ್ಲಿ ನಮ್ಮ ಕಾಲೋನಿಯವರೇ ನಾಲ್ಕು ಜನ ನಿಂತಿದ್ದರು. 'ನನಗಲ್ಲರಿ, ಇಂಜಿನ್ನಿಗೆ' ಅಂದೆ. ಆ ಮಾತು ಆಡಬಾರದಿತ್ತು. 'ಹೊಟ್ಟೀನೂ ಒಂದು ಇಂಜಿನ್ನೇ ಅಲ್ರಿ ಸರ್, ನೀವೇ ಎಂಟನೇ ಕ್ಲಾಸಿನ್ಯಾಗ ಕಲಿಸೀರಿ' ಎಂದು ಅವರು ಅಕ್ಕರೆಯಿಂದ ಬಾಟಲಿ ಕಟ್ಟಿಕೊಟ್ಟರು. ಸಂಜೆಯೊಳಗೆ ಪಕ್ಕದ ಮನೆಯಿಂದ ಒಂದು ಪಪ್ಪಾಯಿ ಬಂತು. ಶುಕ್ರವಾರ ಶಾಲೆಯಲ್ಲಿ ಹೆಡ್‌ಮಾಸ್ತರರು ನನ್ನನ್ನು ಕರೆದು, ಬೆಳಗ್ಗೆ ತಾಮ್ರದ ತಂಬಿಗೆಯ ನೀರು ಕುಡಿಯಬೇಕೆಂದು ತಗ್ಗಿದ ದನಿಯಲ್ಲಿ ಹೇಳಿದರು. ಇಷ್ಟೆಲ್ಲ ಅವಮಾನ ನುಂಗಿ ಆ ಎಣ್ಣೆ ಹಾಕಿದರೂ ಹೊಗೆ ಬರಲಿಲ್ಲ. ಇಂಜಿನ್ನಿನ ಹೊಟ್ಟೆ ಮುಟ್ಟಿದರೆ ಬೆರಳು ಚುರ್ ಅಂತಿತ್ತು, ಚಿಮಣಿಯ ಬಾಯಲ್ಲಿ ಎಣ್ಣೆ ಹಾಗೇ ತುಂಬಿ ನಿಂತಿತ್ತು. ಈ ಕೊನೆಯ ಸಂಗತಿಯನ್ನು ನಾನು ಕಣ್ಣಾರೆ ನೋಡಿದೆ, ಆದರೆ ಯೋಚಿಸಲಿಲ್ಲ. ನೋಡುವುದು, ಯೋಚಿಸುವುದು ಬೇರೆ ಬೇರೆ ಎಂದು ಮಕ್ಕಳಿಗೆ ವರ್ಷವಿಡೀ ಹೇಳುವವನು ನಾನೇ.

ಶುಕ್ರವಾರ ಸಂಜೆ ನಾನು ಸೋತು ಕೂತೆ. ಮಾವನಿಗೆ ಫೋನು ಮಾಡಿ ಒಪ್ಪಿಕೊಂಡುಬಿಡಲೇ ಎಂದು ಕೇಳಿದೆ. ಮಹಾನಂದಾ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. 'ಬೇಕಾದ್ರ ಮಾಡ್ರಿ. ಆದರ ಒಂದು ತಿಳಕೋರಿ. ನಮ್ಮಪ್ಪ ಆ ಇಂಜಿನ್ ಬಂದ ಮ್ಯಾಲೇ ನಾಕು ಮಾತು ಆಡಾಕ ಹತ್ಯಾನ. ಅದಕ್ಕೂ ಮೊದಲ ಮನ್ಯಾಗ ಗ್ವಾಡಿ ಇದ್ದಂಗ ಇದ್ದ' ಅಂದಳು. ಸ್ವಲ್ಪ ತಡೆದು, 'ನಮ್ಮ ಮಿಕ್ಸರ್ ಸುಟ್ಟಾಗ ಖಾದರ್‌ಭಾಯ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಟ್ಟಿದ್ದರಲ್ಲ, ಅವರ ಕಡೆ ಒಯ್ಯಬಾರದೇನು?' ಎಂದಳು. ವಿಜ್ಞಾನದ ಪದವಿ ಪಡೆದವನು ಮೋಟಾರು ವೈಂಡಿಂಗ್ ಮಾಡುವವರ ಬಾಗಿಲಿಗೆ ಹೋಗುವುದೇ ಎಂದು ನನ್ನ ಒಳಗೆ ಯಾರೋ ಗೊಣಗಿದರು. ಅವರ ಬಾಯಿ ಮುಚ್ಚಿಸಿದೆ.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನವೇ ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿರುವ ಖಾದರ್‌ಭಾಯ್ ಅಂಗಡಿಗೆ ಇಂಜಿನ್ನು, ಗುಂಡಿಯ ಪೆಟ್ಟಿಗೆ ಸಮೇತ ಹೋದೆ. ಬೋರ್‌ವೆಲ್ಲಿನ ಮೋಟಾರುಗಳ ನಡುವೆ ಚಾಪೆಯ ಮೇಲೆ ಕೂತಿದ್ದ ಅವರು, ಕೋಟು ಬಿಚ್ಚಿದ ಕೂಡಲೆ ಇಂಜಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, 'ವಾಹ್! ಕ್ಯಾ ಚೀಜ್ ಹೈ' ಅಂದರು. ನಾನು ಕರೆಂಟು, ಹವೆ, ಎಣ್ಣೆ ಮೂರೂ ಸಿದ್ಧಾಂತಗಳನ್ನು ವಿವರಿಸಿದೆ. ಅವರು ಕೇಳುತ್ತಲೇ ಚಿಮಣಿಯ ಬಾಯಿಗೆ ಒಂದು ಕಣ್ಣಿಟ್ಟು ನೋಡಿದರು.

'ಮಾಸ್ತರಸಾಬ್, ಇಂಜಿನ್ನಿಗಿ ಬುಖಾರ್ ಬಂದದ, ಮೈ ಸುಡಾಕತ್ತದ, ಅದು ಖರೇ. ಆದರ ಬಾಯಾಗ ನೀರು ಹಾಕಿದ್ರ ಗಂಟಲಾಗ ಇಳೀವಲ್ತು ನೋಡ್ರಿ. ತೇಲ್, ನಿಮ್ಮ ಎಣ್ಣಿ, ಮ್ಯಾಲೇ ನಿಂತದ. ಕೆಳಗ ಬತ್ತಿ ಒಣಗೇದ, ತಂತಿ ಸುಮ್ಮನ ಕಾದು ಬಿಸಿ ಆಗಾಕತ್ತದ. ಎಣ್ಣಿ ಇಲ್ಲದ ದೀಪಾ ಹಚ್ಚಿದ್ರ ಬತ್ತೀನ ಸುಡ್ತದಲ್ರಿ?'

ನನ್ನ ತಲೆಯಲ್ಲಿ ಆಗ ಬಲ್ಬು ಹೊತ್ತಿತು. ಕಾಸಿದ ಶಾಖವೆಲ್ಲ ಎಣ್ಣೆಯನ್ನು ಹೊಗೆ ಮಾಡುವುದರಲ್ಲಿ ಖರ್ಚಾಗಬೇಕು, ಎಣ್ಣೆ ಮುಟ್ಟದಿದ್ದರೆ ಆ ಶಾಖ ಚಿಮಣಿಯ ಮೇಲೆ ಬೀಳುತ್ತದೆ. ಇದು ಎಂಟನೆಯ ತರಗತಿಯ ಪಾಠ. ಪ್ರತಿ ವರ್ಷ ಮಾಡುತ್ತೇನೆ, ಕುದಿಯುವ ನೀರಿನ ಪಾತ್ರೆಯ ಚಿತ್ರವನ್ನೂ ಬರೆಯುತ್ತೇನೆ. 'ಅಂದ್ರ ಒಳಗ ಏನೋ ಸಿಕ್ಕಿಕೊಂಡದ!' ಎಂದು ಕೂಗಿದೆ. 'ಅದನ್ನೇ ನಾ ಹೇಳಾಕತ್ತೀನಿ' ಎಂದು ಖಾದರ್‌ಭಾಯ್ ಶಾಂತವಾಗಿ ಅಂದರು.

ಅವರ ಚಿಮಟಗಳೆಲ್ಲ ಬೋರ್‌ವೆಲ್ಲಿನ ಅಳತೆಯವು, ಆ ಸಣ್ಣ ಕೊಳವೆಯೊಳಗೆ ಹೋಗಲಿಲ್ಲ. ಇಲ್ಲಿ ನನ್ನ ಗಳಿಗೆ ಬಂತು. ಅಂಗಿಯ ಕಿಸೆಯಲ್ಲಿ ಪ್ರಯೋಗಶಾಲೆಯ ಚೂಪು ಚಿಮಟ ಇತ್ತು, ಹೂವಿನ ಕೇಸರ ಕೀಳಲು ಇಟ್ಟುಕೊಂಡದ್ದು. ಎಣ್ಣೆ ಬಸಿದು, ಉಸಿರು ಬಿಗಿಹಿಡಿದು ಒಳಗೆ ಇಳಿಸಿದೆ. ಏನೋ ಸಿಕ್ಕಿತು. ಎಳೆದೆ. ಉಗುರುದ್ದದ ಬಿದಿರಿನ ಕಡ್ಡಿಯ ಚೂರು, ಅದರ ಹಿಂದೆಯೇ ಎಣ್ಣೆಯಲ್ಲಿ ಕಲಸಿ ಗಟ್ಟಿಯಾದ ಕಪ್ಪು ಬೂದಿ. ಖಾದರ್‌ಭಾಯ್ ಚೂರನ್ನು ಮೂಗಿಗೆ ಹಿಡಿದು, 'ಮಲ್ಲಿಗಿ ವಾಸನಿ. ಊದಿನಕಡ್ಡಿ ಮಾಸ್ತರಸಾಬ್! ಯಾರೋ ಚಿಮಣಿಯಾಗ ಊದಿನಕಡ್ಡಿ ಸಿಗಿಸ್ಯಾರ. ಮ್ಯಾಲಿಂದು ಮುರದದ, ಬುಡ ಒಳಗ ಉಳದದ' ಎಂದು ತೊಡೆ ತಟ್ಟಿಕೊಂಡು ನಕ್ಕರು.

ಖಂಡೇಪೂಜೆ! ನನಗೆ ಎಲ್ಲ ಹೊಳೆಯಿತು. ಭಕ್ತಿ ಹೆಚ್ಚಾಗಿ ಬುದ್ಧಿ ಕಡಿಮೆಯಾದ ಯಾರೋ ಒಬ್ಬರ ಕೆಲಸ. ಮೊದಲು ಅತ್ತೆಯವರ ನೆನಪಾಯಿತು, ಆಮೇಲೆ ಬಸವರಾಜನದು. ಖಾದರ್‌ಭಾಯ್ ಸುಟ್ಟು ಕರಿಯಾದ ಹಳೆಯ ಬತ್ತಿಯನ್ನು ತೆಗೆದರು. ಮೋಟಾರಿನ ತಂತಿಗಳಿಗೆ ಹಾಕುವ, ಗಾಜಿನ ನೂಲಿನಿಂದ ನೇಯ್ದ ಸ್ಲೀವ್ ಎಂಬ ಹೊದಿಕೆಯ ಒಂದು ತುಂಡನ್ನು ಕತ್ತರಿಸಿ, ಎಳೆ ಬಿಡಿಸಿ, ಹೊಸ ಬತ್ತಿ ಹೊಸೆದರು. ಅದು ಎಷ್ಟು ಕಾದರೂ ಸುಡುವುದಿಲ್ಲವಂತೆ. ಸಡಿಲಾಗಿದ್ದ ತಂತಿಯ ತುದಿಗೆ ಬೆಸುಗೆ ಹಾಕಿದರು. ನಾನು ಕಿಸೆಯಿಂದ ಆ ಕುಖ್ಯಾತ ಬಾಟಲಿ ತೆಗೆದು ಆರೇ ಆರು ಹನಿ ಹಾಕಿದೆ. ಎಣ್ಣೆ ಸರಕ್ಕನೆ ಒಳಗಿಳಿಯಿತು. ಗುಂಡಿಯನ್ನು ಅರ್ಧಕ್ಕೆ ಮಾತ್ರ ತಿರುಗಿಸಿದೆ. ಒಂದು, ಎರಡು, ಮೂರು ಎಂದು ಎಣಿಸುತ್ತಿರುವಾಗ ಚಿಮಣಿಯಿಂದ ಬಿಳಿ ಹೊಗೆ ಎದ್ದಿತು. ಬುಸು, ಬುಸು, ಬುಸು! ನಾನು ಖಾದರ್‌ಭಾಯ್ ಅವರನ್ನು ತಬ್ಬಿಕೊಂಡೆ. ಪಕ್ಕದ ಅಂಗಡಿಯವರು ಬಂದರು, ಚಹಾದವನು ಬಂದ, ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಇಳಿದು ಬಂದರು. ಎಣ್ಣೆ ಯಾವುದೆಂದು ಒಬ್ಬರು ಕೇಳಿದರು. ಅಂದು ನಾನು ಹೆದರಲಿಲ್ಲ, ಬಾಟಲಿ ಎತ್ತಿ ಹಿಡಿದು ಹೆಸರು ಹೇಳಿದೆ.

ಐತವಾರ ಬೆಳಗ್ಗೆ ಹುಮನಾಬಾದಿನ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಮಹಾನಂದಾಳಿಗೆ ಊದಿನಕಡ್ಡಿಯ ಪತ್ತೇದಾರಿಯನ್ನು ಮೂರು ಸಲ ಹೇಳಿದೆ. ಆಕೆ ಮೂರು ಸಲವೂ 'ಹೂಂ' ಅಂದಳು. ಆ 'ಹೂಂ' ನನಗೆ ಸ್ವಲ್ಪ ಉದ್ದವಾಯಿತೆನಿಸಿತು, ಆದರೆ ಗೆದ್ದವನಿಗೆ ಅದೆಲ್ಲ ಎಲ್ಲಿ ಕೇಳಿಸುತ್ತದೆ?

ಯಲ್ಲಪ್ಪ ಆಗಲೇ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಬಿಳಿ ಟೊಪ್ಪಿಗೆ, ದೊಡ್ಡ ದೊಡ್ಡ ಅಂಗೈಗಳು. 'ತೋರಸ್ರಿ ನೋಡೂಣು ನಿಮ್ಮ ಹೊಗಿ' ಎಂದು ತುಟಿಯಂಚಿನಲ್ಲಿ ನಗುತ್ತಿದ್ದರು. ನೆಲದ ಮೇಲೆ ಹಳಿ ಜೋಡಿಸಿದೆ. ಮಾವ ಯಾರಿಗೂ ಕೊಡದೆ ತಾವೇ ಗುಂಡಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಎಣ್ಣೆ ಹನಿಸಿದೆ. ಮಾವ ಗುಂಡಿ ತಿರುಗಿಸಿದರು. ಇಂಜಿನ್ನು ಹೊರಟಿತು. ಅರ್ಧ ಸುತ್ತು ಏನೂ ಇಲ್ಲ. ಯಲ್ಲಪ್ಪನವರ ನಗು ಅಗಲವಾಯಿತು. ತಿರುವಿನಲ್ಲಿ ಬಂತು ಹೊಗೆ, ಬೆಳ್ಳಗೆ, ಹಿಂದಕ್ಕೆ ಬಾಗುತ್ತ, ಒಂದೇ ಸಮನೆ.

ಯಲ್ಲಪ್ಪ ಕಂಬ ಬಿಟ್ಟು ಮುಂದೆ ಬಂದು ಮೊಣಕಾಲೂರಿದರು. ಇಂಜಿನ್ನು ಮುಂದೆ ಹಾದುಹೋದಾಗ ಅಂಗೈಯನ್ನು ಹೊಗೆಯ ಮೇಲೆ ಹಿಡಿದರು. ಟೊಪ್ಪಿಗೆ ತೆಗೆದು ನೆಲದ ಮೇಲಿಟ್ಟರು. ಇಂಜಿನ್ನು ಇನ್ನೆರಡು ಸುತ್ತು ಹಾಕಿತು. ಆಮೇಲೆ ಮಾವ ಹಳಿಯಿಂದ ಕಣ್ಣು ತೆಗೆಯದೆ, 'ಯಲ್ಲಪ್ಪಾ, ಪ್ರೆಶರ್ ಎಷ್ಟದ?' ಎಂದು ಕೇಳಿದರು.

'ಬರೋಬ್ಬರಿ ಅದರಿ ಡ್ರೈವರಸಾಬ್. ನೀವು ಎಳೀರಿ, ನಾ ಅದೀನಿ' ಎಂದರು ಯಲ್ಲಪ್ಪ.

ಇಬ್ಬರ ಕಣ್ಣಿಗೂ ಕಿಡಿ ಸಿಡಿಯಿತು. ಈ ಸಲ ನಾನು ಏನೂ ಕೇಳಲಿಲ್ಲ. ನನ್ನ ಕಣ್ಣಿಗೂ ಸಿಡಿದಿತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದ ಮಾಸ್ತರ ಭಾಷಣ ಮಾಡದೆ ಇರಬಲ್ಲನೇ? ಚಹಾದ ಹೊತ್ತಿಗೆ ನಾನು ಎದ್ದು ನಿಂತು, ಇಂಜಿನ್ನು ಕೆಟ್ಟದ್ದನ್ನೂ ನಾನು ಸರಿಮಾಡಿದ್ದನ್ನೂ ಮೊದಲಿನಿಂದ ಹೇಳಿದೆ. ಕಾಗದದಲ್ಲಿ ಸುತ್ತಿ ತಂದಿದ್ದ ಬಿದಿರಿನ ಚೂರನ್ನು ಎಲ್ಲರಿಗೂ ತೋರಿಸಿದೆ. 'ಚಿಮಣಿ ಇರೋದು ಹೊಗೆ ಹೊರಗೆ ಬರಲಿಕ್ಕೆ, ಊದಿನಕಡ್ಡಿ ಒಳಗೆ ಹಾಕಲಿಕ್ಕಲ್ಲ. ಯಾರು ಸಿಗಿಸಿದರೋ ಅವರ ಹೆಸರು ನಾನು ಹೇಳುವುದಿಲ್ಲ' ಎಂದು ಅತ್ತೆಯವರ ಕಡೆ ಉದಾರವಾಗಿ ನೋಡಿದೆ.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮಾವ ಚಹಾದ ಬಟ್ಟಲು ಕೆಳಗಿಟ್ಟು, 'ಮಾಸ್ತರ, ಹೆಸರು ನೀವು ಹೇಳಬ್ಯಾಡ್ರಿ. ಆ ಗ್ವಾಡಿ ಕಡೆ ಸ್ವಲ್ಪ ನೋಡ್ರಿ' ಅಂದರು.

ಗೋಡೆಯ ಮೇಲೆ ಖಂಡೇಪೂಜೆಯ ಫೋಟೋ ಇತ್ತು. ಅದನ್ನು ನಾನು ಹತ್ತಾರು ಸಲ ನೋಡಿದ್ದೆ, ಪ್ರತಿ ಸಲವೂ ನನ್ನ ಮುಖವೊಂದನ್ನೇ ನೋಡಿಕೊಂಡಿದ್ದೆ. ಅಂದು ಮೊದಲ ಸಲ ಮುಖದಿಂದ ಕೆಳಗೆ ನೋಡಿದೆ. ಹೂ ಏರಿಸಿದ ಇಂಜಿನ್ನು. ಅದರ ಚಿಮಣಿಯಲ್ಲಿ ನೆಟ್ಟಗೆ ನಿಂತ ಊದಿನಕಡ್ಡಿ. ಅದನ್ನು ಆಗಷ್ಟೇ ಸಿಗಿಸಿ ಇನ್ನೂ ಬಿಡದಿರುವ ಒಂದು ಬಲಗೈ. ಕೈಯ ಹಿಂದೆ ಅಂಗಿ, ಅಂಗಿಯ ಮೇಲೆ ಚೆನ್ನಾಗಿ ಬಂದಿರುವ ನನ್ನ ಮುಖ. ಎಡಗೈಯಲ್ಲಿ ಸಿಪ್ಪೆ ಸುಲಿದ, ಅರ್ಧ ಮುಗಿದ ಕೆಂಪು ಬಾಳೆಹಣ್ಣು.

'ಊದಿನಕಡ್ಡಿ ಸಿಗಸ್ರಿ ಅಂತ ಬಾಳಿಹಣ್ಣು ಕೊಟ್ಟಿದ್ದೆ. ಈಕಡೆ ತಿರುಗೂದರಾಗ ಅದು ಖಾಲಿ ಆಗಿತ್ತು. ಅಳಿಯಂದ್ರಿಗಿ ಏನನ್ನಾಕ ಬರ್ತದ ಅಂತ ಸುಮ್ಮನಾದೆ' ಎಂದು ಅತ್ತೆ ಮೆಲ್ಲಗೆ ಹೇಳಿದರು. ನಾನು ಮಹಾನಂದಾಳ ಕಡೆ ನೋಡಿದೆ. ಬಸ್ಸಿನಲ್ಲಿ 'ಹೂಂ' ಯಾಕೆ ಅಷ್ಟು ಉದ್ದವಾಗಿತ್ತೆಂದು ತಿಳಿಯಿತು.

ಯಲ್ಲಪ್ಪ ನೆಲಕ್ಕೆ ಕೈಯೂರಿ ನಗುತ್ತಿದ್ದರು. ಮಾವ ಮಾತ್ರ ನಗಲಿಲ್ಲ. ಗಂಭೀರವಾಗಿ, 'ಕೆಡಸಿದಾಂವ ಯಾಂವರ ಇರಲಿ ಯಲ್ಲಪ್ಪಾ, ರಿಪೇರಿ ಮಾಡಿದಾಂವ ನಮ್ಮ ಅಳಿಯ' ಎಂದು, ಉಡದಾರದ ಕೀಲಿಕೈ ಬಿಚ್ಚಿ ನನ್ನ ಕೈಯಲ್ಲಿಟ್ಟು, ಇಂಜಿನ್ನನ್ನು ಕಪಾಟಿನಲ್ಲಿ ಇಡಲು ಹೇಳಿದರು. ಇಪ್ಪತ್ತು ಹೆಜ್ಜೆಯ ಆ ದಾರಿಯನ್ನು ನಾನು ಎದೆಯುಬ್ಬಿಸಿ ನಡೆದೆ. ಫೋಟೋದ ಕೆಳಗೆ ಹಾಯುವಾಗ ಮಾತ್ರ ತುಸು ತಲೆ ತಗ್ಗಿಸಿದೆ.

ಅಂದಿನಿಂದ ಪ್ರತಿ ಖಂಡೇಪೂಜೆಯಲ್ಲೂ ಊದಿನಕಡ್ಡಿ ಹಚ್ಚುವ ಕೆಲಸ ನನ್ನದೇ. ಆದರೆ ಅತ್ತೆಯವರು ಎರಡು ಹಣ್ಣು ಕೊಡುತ್ತಾರೆ. ಒಂದು ಊದಿನಕಡ್ಡಿಗೆ, ಒಂದು ನನಗೆ. ನನ್ನದನ್ನು ಅವರ ಕಣ್ಣೆದುರಿಗೇ ಪೂರ್ತಿ ತಿಂದು, ಸಿಪ್ಪೆ ಒಪ್ಪಿಸಿದ ಮೇಲಷ್ಟೇ ಕಡ್ಡಿಪೆಟ್ಟಿಗೆ ನನ್ನ ಕೈಗೆ ಬರುತ್ತದೆ.